ಎಂತದು, ಎಂತೋತ್ಸು

ಮರದ ಹೊಟ್ಟು ಒಲೆಯಲ್ಲಿ ಹೊತ್ತಿಕೊಳ್ಳುವಾಗ ಬರುವ ವಾಸನೆಗೆ ಹೆಸರಿಲ್ಲ. ಸಾಗರದ ಪೇಟೆಯಲ್ಲಿ, ಸಾಮಿಲ್ಲಿನ ಹಿಂದಿನ ವಠಾರದಲ್ಲಿ ಬೆಳೆದವರಿಗೆ ಹೆಸರಿಲ್ಲದೆಯೂ ಅದು ಗೊತ್ತು. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟು ಸುರಿದು, ಕೋಲಿನಿಂದ ಜಡಿದು ಗಟ್ಟಿಮಾಡಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಮೇಲೆಳೆದರೆ ಒಲೆ ಸಿದ್ಧ. ಬೆಂಕಿ ತಾಗಿಸಿದೊಡನೆ ಸುಟ್ಟ ಬೆಲ್ಲದಲ್ಲಿ ಹೊಸ ಪೆನ್ಸಿಲು ಅದ್ದಿದಂಥ ಒಂದು ವಾಸನೆ ಬಚ್ಚಲಿನಿಂದ ಹೊರಟು, ಓದುತ್ತ ಕೂತ ಹುಡುಗರ ಮೂಗಿನವರೆಗೂ ಬಂದು, ‘ನೀರು ಕಾದಿದೆ, ಏಳಿ’ ಎನ್ನುತ್ತಿತ್ತು.

ಆ ವಾಸನೆ ಚಂದ್ರಮೌಳಿಗೆ ಮತ್ತೆ ಸಿಕ್ಕಿದ್ದು ಜಪಾನಿನ ಉತ್ತರದ ಹೊಕ್ಕೈಡೋ ದ್ವೀಪದಲ್ಲಿ, ರಿಕುಬೆತ್ಸು ಎಂಬ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ. ಅವನ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಕಾವಾಸಾಕಿ ಎಂಬ ಊರಿನ ಆಫೀಸಿನಲ್ಲಿ ಕಾರಿನ ಬ್ರೇಕುಗಳ ಕೆಲಸ ಮಾಡಿಕೊಂಡು ಸುಖವಾಗಿದ್ದವನನ್ನು ಕಂಪನಿ ಎರಡು ವರ್ಷಕ್ಕೆಂದು ಇಲ್ಲಿಗೆ ಕಳಿಸಿತ್ತು. ಹಿಮದಲ್ಲಿ ಬ್ರೇಕು ಹಿಡಿಯುತ್ತದೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಇಲ್ಲಿ ಬೆಳಿಗ್ಗೆ ಅಂಗಳದಲ್ಲಿ ಬಾಯಿ ಮುಕ್ಕಳಿಸಿದರೆ ಬಾಯಿಂದ ಹೊರಟದ್ದು ನೀರು, ನೆಲಕ್ಕೆ ಬಿದ್ದದ್ದು ಕಲ್ಲು. ಕಂಪನಿ ಕೊಟ್ಟ ಮರದ ಮನೆಯಲ್ಲಿ ಒಂದು ಹಳೆಯ ಸೀಮೆಎಣ್ಣೆ ಹೀಟರು ಇತ್ತು. ಅದು ನವೆಂಬರ್ ಮೊದಲ ವಾರದಲ್ಲಿ ಎರಡು ಸಲ ಕೆಮ್ಮಿ ಶಾಶ್ವತವಾಗಿ ಸುಮ್ಮನಾಯಿತು. ಗೋಡೆಗೆ ತೂತು ಹೊಡೆದರೂ ಚಿಂತೆಯಿಲ್ಲ, ಯಾವ ಹೀಟರು ಬೇಕೋ ಹಾಕಿಸಿಕೊಳ್ಳಿ ಎಂದು ಕಂಪನಿ ಹೇಳಿತು. ಅವನು ಅಂಗಡಿಗೆ ಹೋದ. ಅಂಗಡಿಯವರು ಒಂದು ಪೆಲೆಟ್ ಸ್ಟವ್ ಉರಿಸಿ ತೋರಿಸಿದರು. ಪೆಲೆಟ್ ಎಂದರೆ ಓಕ್ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಸಣ್ಣ ಕಡ್ಡಿಗಳು. ಮೇಲಿನ ಪೆಟ್ಟಿಗೆಗೆ ಸುರಿದರೆ ಯಂತ್ರವೇ ಒಂದೊಂದಾಗಿ ಬೆಂಕಿಗೆ ಹಾಕಿಕೊಳ್ಳುತ್ತದೆ. ಅವರು ಹೊಗೆ ಹೊರಹಾಕುವ ಕೊಳವೆಯ ಬಗ್ಗೆ ಬಹಳ ಹೊತ್ತು ವಿವರಿಸಿದರು. ಚಂದ್ರಮೌಳಿ ಅಷ್ಟೂ ಹೊತ್ತು ಕಣ್ಣು ಮುಚ್ಚಿಕೊಂಡು ಮೂಸುತ್ತ ನಿಂತಿದ್ದ.

ಆ ರಾತ್ರಿ ಫೋನಿನಲ್ಲಿ, ಕಾವಾಸಾಕಿಯಲ್ಲೇ ಉಳಿದಿದ್ದ ಹೆಂಡತಿ ಸುಭದ್ರಾಗೆ ಹೇಳಿದ. “ಇದು ನಮ್ಮ ಹೊಟ್ಟಿನ ಒಲೆ ಕಣೇ! ಹೊಟ್ಟನ್ನ ಇವರು ಗುಳಿಗೆ ಮಾಡಿದಾರೆ, ಅಷ್ಟೇ. ನಂಗೆ ಹುಟ್ಟಿದಾಗಿಂದ ಗೊತ್ತಿರೋ ಒಲೆ.”

“ನಿಮ್ಮಮ್ಮ ಆ ಒಲೆ ಹಚ್ಚೋವಾಗ ನೀವೆಂತ ಮಾಡ್ತಿದ್ರಿ?”

“ವಾಸನೆ ನೋಡ್ತಿದ್ದೆ.”

“ಅದೇ ಮತ್ತೆ,” ಎಂದಳು ಸುಭದ್ರಾ. ಆಮೇಲೆ ಅವಳ ದನಿ ಗಟ್ಟಿಯಾಯಿತು. “ನೋಡಿ, ಶನಿವಾರ ಸಂಜೆ ಬಸ್ಸಿಗೆ ನಾನೂ ಸಾಹಿತ್ಯನೂ ಬರ್ತೀವಿ. ಮನೆ ಬೆಚ್ಚಗಿದ್ರೆ ಕಾವಾಸಾಕಿ ಮನೆ ಖಾಲಿ ಮಾಡಿ ನಿಮ್ ಜೊತೆ ಅಲ್ಲೇ ಇರ್ತೀವಿ. ಕೋಟು ಹಾಕ್ಕೊಂಡು ಊಟ ಮಾಡೋ ಹಾಗಿದ್ರೆ ಮಾರನೇ ದಿನಾನೇ ವಾಪಸ್. ಆಮೇಲೆ ಎರಡು ವರ್ಷ ನೀವಲ್ಲಿ, ನಾವಿಲ್ಲಿ. ನನ್ನ ಬಯ್ಬೇಡಿ.”

ಬಯ್ಯುವ ಮಾತೇ ಇರಲಿಲ್ಲ. ಹಿಂದಿನ ವಾರ ಮಗಳು ಸಾಹಿತ್ಯ ಫೋನಿನಲ್ಲಿ ತನ್ನ ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದ್ದಳು. ಅವನು ಅದನ್ನು ತೆಗೆದುಕೊಳ್ಳಲು ಕೈಚಾಚಿ, ಬೆರಳು ಗಾಜಿಗೆ ತಾಗಿ, ಪೆಚ್ಚಾಗಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದ.

ಶನಿವಾರ ಬೆಳಿಗ್ಗೆ ಸ್ಟವ್ ಬಂತು. ಅದನ್ನು ಕೂರಿಸುವವನು ಮಾತ್ರ ಡಿಸೆಂಬರ್ ನಡುವಿಗೆ ಮೊದಲು ಬರುವ ಹಾಗಿಲ್ಲ ಎಂದು ಅಂಗಡಿಯವರು ಬಾಗಿ ಬಾಗಿ ಕ್ಷಮೆ ಕೇಳಿದರು. ಚಂದ್ರಮೌಳಿ ಅವರಿಗಿಂತ ಹೆಚ್ಚು ಬಾಗಿ, ತಾನೇ ಕೂರಿಸಿಕೊಳ್ಳುತ್ತೇನೆ ಎಂದ. ಸಹಾಯಕ್ಕೆ ಆಫೀಸಿನ ಜೊತೆಗಾರ ಭುವನ್‌ನನ್ನು ಕರೆದ. ಭುವನ್ ಬೆಂಗಳೂರಿನವನು. ಜಗತ್ತಿನಲ್ಲಿ ವಿಡಿಯೋ ನೋಡಿ ಕಲಿಯಲಾಗದ ಕೆಲಸ ಇಲ್ಲ ಎಂಬುದು ಅವನ ನಂಬಿಕೆ.

“ತುಂಬಾ ಸಿಂಪಲ್ ಸರ್. ಗೋಡೇಲಿ ಒಂದು ಹೋಲ್, ಹೋಲ್‌ನಲ್ಲಿ ಒಂದು ಪೈಪ್. ಫಿನಿಶ್.”

“ಯಾವ ಗೋಡೆ ಮಾರಾಯಾ?”

“ವಿಡಿಯೋದಲ್ಲಿ ಎಡಗಡೆದು ಇತ್ತು ಸರ್.”

ಹಾಗಾಗಿ ಎಡಗಡೆಯ ಗೋಡೆ ನಿಶ್ಚಯವಾಯಿತು. ಆ ಗೋಡೆಯ ಆಚೆ ನಾಲ್ಕು ಹೆಜ್ಜೆಗೆ ಚಿಯೋ-ಸಾನ್ ಎಂಬ ಅಜ್ಜಿಯ ಮನೆ. ಮನೆಗೆ ಒತ್ತಿಕೊಂಡು ಒಂದು ತೆರೆದ ಕೊಟ್ಟಿಗೆ. ಚಳಿಗಾಲದ ಉಪ್ಪಿನಕಾಯಿಗೆಂದು ಅಜ್ಜಿ ಅದರ ತುಂಬ ಉದ್ದುದ್ದ ಬಿಳಿ ಮೂಲಂಗಿಗಳನ್ನು ಹಗ್ಗಕ್ಕೆ ಕಟ್ಟಿ ತೂಗುಹಾಕಿದ್ದರು. ಅವರ ಬೆನ್ನು ಕೊಡೆಯ ಹಿಡಿಯ ಹಾಗೆ ಬಾಗಿತ್ತು. ಆದರೂ ದಿನಾ ಬೆಳಿಗ್ಗೆ ಚಂದ್ರಮೌಳಿ ಏಳುವ ಮೊದಲೇ ಅವನ ಬಾಗಿಲಿನಿಂದ ರಸ್ತೆಯವರೆಗೆ ಯಾರೋ ಹಿಮ ಸರಿಸಿ ದಾರಿ ಮಾಡಿರುತ್ತಿದ್ದರು. ಒಂದು ದಿನ ಅವನು ಬೇಗ ಎದ್ದು ಅಜ್ಜಿಯನ್ನು ಸಲಿಕೆ ಸಮೇತ ಹಿಡಿದು “ಅರಿಗಾತೋ” ಎಂದು ಧನ್ಯವಾದ ಹೇಳಿದಾಗ, ಅವರು ಕದಿಯುವಾಗ ಸಿಕ್ಕಿಬಿದ್ದವರ ಹಾಗೆ ಒಳಗೆ ಓಡಿಹೋಗಿದ್ದರು.

ಎದುರುಮನೆಯ ಒಗಾವಾ-ಸಾನ್ ಹಾಗೆ ಓಡಿಹೋಗುವವರಲ್ಲ. ಅವರು ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದು ನಿವೃತ್ತರಾದವರು. ಈಗ ಸಿಗ್ನಲ್ ಇಲ್ಲದ್ದರಿಂದ ಬೀದಿಯವರನ್ನು ನೋಡಿಕೊಳ್ಳುತ್ತಿದ್ದರು. ಬಾಡಿಗೆಗೆ ತಂದ ಡ್ರಿಲ್ಲು ಗರ್ರೆಂದು ಗೋಡೆ ಕೊರೆದು ಆಚೆ ಬಂದಾಗ, ಆಹ್ವಾನಕ್ಕೆ ಕಾದಿದ್ದ ನೆಂಟನಂತೆ ಚಳಿಗಾಳಿ ಒಳಗೆ ನುಗ್ಗಿತು. ಗೋಡೆ ತೂತಾಯಿತೇ ಎಂದು ಭುವನ್ ಕಣ್ಣಿಟ್ಟು ನೋಡಿದರೆ, ಆಚೆಯಿಂದ ಇನ್ನೊಂದು ಕಣ್ಣು ಇವನನ್ನೇ ನೋಡುತ್ತಿತ್ತು.

“ದೈಜೋಬು?” ಎಂದಿತು ಕಣ್ಣು. ಪರವಾಗಿಲ್ಲವೇ ಎಂದು ಅರ್ಥ.

“ದೈಜೋಬು, ಒಗಾವಾ-ಸಾನ್!” ಎಂದು ಚಂದ್ರಮೌಳಿ ಒಳಗಿನಿಂದ ಕೂಗಿದ.

ಒಗಾವಾ-ಸಾನ್ ಮನೆಗೆ ಹೋಗಿ, ತಮ್ಮ ಉಗ್ರಾಣದಿಂದ ಆಳೆತ್ತರದ ಒಂದು ಹಳೆಯ ತಗಡಿನ ಕೊಳವೆಯನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಗೋಡೆಯ ತೂತು ತೋರಿಸಿ, ಕೊಳವೆ ತೋರಿಸಿ, ಆಕಾಶ ತೋರಿಸಿ ಏನೋ ಕೇಳಿದರು. ಬೇಕೇ ಎನ್ನುತ್ತಿದ್ದಾರೆ ಎಂದು ಚಂದ್ರಮೌಳಿಗೆ ಅರ್ಥವಾಯಿತು. ಬಹಳ ಒಳ್ಳೆಯದಾಯಿತು, ಕೊಡಿ ಎಂಬ ಅರ್ಥದಲ್ಲಿ ಮುಖ ಅರಳಿಸಿ, “ದೈಜೋಬು, ದೈಜೋಬು!” ಎಂದ.

ಒಗಾವಾ-ಸಾನ್ ತಲೆ ಬಾಗಿಸಿ, ಕೊಳವೆಯನ್ನು ಮತ್ತೆ ಹೆಗಲಿಗೇರಿಸಿಕೊಂಡು ವಾಪಸ್ ಹೋದರು.

“ಎಂತದು ಇವರು? ಸುಮ್ನೆ ತೋರ್ಸಕ್ಕೆ ತಂದಿದ್ರಾ?” ಎಂದ ಚಂದ್ರಮೌಳಿ.

ಭುವನ್ ಫೋನು ಒತ್ತಿ ನೋಡಿದ. “ಸರ್, ಯಾರಾದ್ರೂ ಏನಾದ್ರೂ ಕೊಡಕ್ಕೆ ಬಂದಾಗ ದೈಜೋಬು ಅಂದ್ರೆ ‘ಬೇಡ, ಪರ್ವಾಗಿಲ್ಲ’ ಅಂತಂತೆ.”

“ಈಗ ಹೋಗಿ ಬೇಕು ಅಂದ್ರೆ?”

“ತಪ್ಪು ತಿಳ್ಕೋತಾರೆ ಸರ್. ಬಿಡಿ, ವಿಡಿಯೋದಲ್ಲಿ ಮೇಲಕ್ಕೆ ಹೋಗೋ ಪೈಪ್ ಇರ್ಲೇ ಇಲ್ಲ.”

ವಿಡಿಯೋದ ಕೊನೆಯ ಭಾಗವನ್ನು ಭುವನ್ ನೋಡಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಗೋಡೆಯಿಂದ ಆಚೆಗೆ ಒಂದು ಗೇಣು ಮಾತ್ರ ಚಾಚಿದ ಗಿಡ್ಡ ಕೊಳವೆಯೊಂದಿಗೆ ಸ್ಟವ್ ಸಿದ್ಧವಾಯಿತು. ಚಂದ್ರಮೌಳಿ ಅದರ ಹಣೆಗೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕೊಳವೆಯ ಬುಡದಲ್ಲಿ ಬೆಳಗಿದ. ಊದುಬತ್ತಿಯ ಹೊಗೆ ಕೊಳವೆಯ ಕಡೆಗೆ ಹೋಗದೆ, ತಿರುಗಿ ಅವನ ಮುಖಕ್ಕೇ ಬಂತು.

“ನೋಡು, ಲಕ್ಷ್ಮಿ ಒಳಗೇ ಬರ್ತಿದಾಳೆ!” ಎಂದ.

“ಸೂಪರ್ ಸರ್!”

ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಹೇಳಲು ಊದುಬತ್ತಿ ತನ್ನ ಕೈಲಾದದ್ದನ್ನು ಮಾಡಿತ್ತು. ಕೇಳುವವರಿರಲಿಲ್ಲ.

ಗುಂಡಿ ಒತ್ತಿದ್ದೇ ತಡ, ಸ್ಟವ್ ಗೊರಗೊರ ಎಂದಿತು. ಕಡ್ಡಿಗಳು ಟಪಟಪ ಬಿದ್ದವು, ಕೆಂಪಗೆ ಕಣ್ಣು ಬಿಟ್ಟವು. ಆಮೇಲೆ ಉಸಿರು ಕಟ್ಟಿದವು. ಹೊಗೆಯಲ್ಲಿ ಅರ್ಧ ಪಾಲು ಗಿಡ್ಡ ಕೊಳವೆಯಿಂದ ಅಡ್ಡಡ್ಡ ಹೊರಟು ಹೋಯಿತು. ಉಳಿದರ್ಧ ಗಾಳಿಯ ಏಟಿಗೆ ಹಿಂದೆ ಬಂದು ಮನೆ ತುಂಬಿತು. ಭುವನ್ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿದ. ಚಂದ್ರಮೌಳಿ ಬೀಸಣಿಗೆ ಬೀಸಿದ. ಆರಿಸಿದರು, ಹಚ್ಚಿದರು, ಮತ್ತೆ ಆರಿಸಿ ಮತ್ತೆ ಹಚ್ಚಿದರು. ಮಧ್ಯಾಹ್ನವಾದರೂ ಮನೆ ಬೆಚ್ಚಗಾಗಲಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟದ್ದರಿಂದ ಮೊದಲಿಗಿಂತ ತಣ್ಣಗಾಯಿತು. ಕೊನೆಗೆ ಛಾವಣಿಯ ಬೆಂಕಿ ಅಲಾರಂ ಎಚ್ಚರಗೊಂಡು, ಮದುವೆಗೆ ಕರೆಯುವಷ್ಟು ವಿನಯದ ಹೆಣ್ಣುದನಿಯಲ್ಲಿ, ಆದರೆ ಬೀದಿಗೆಲ್ಲ ಕೇಳುವಂತೆ, “ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ” ಎಂದು ಜಪಾನಿಯಲ್ಲಿ ಸಾರತೊಡಗಿತು.

ಚಂದ್ರಮೌಳಿ ಏಣಿ ಹತ್ತಿ ಅಲಾರಮ್ಮಿನ ಬಾಯಿ ಮುಚ್ಚಲು ಹೆಣಗುತ್ತಿದ್ದಾಗ ಫೋನು ಬಂತು. ಭುವನ್ ಅದನ್ನು ಸ್ಪೀಕರಿಗೆ ಹಾಕಿ ಮೇಲೆ ಹಿಡಿದ. ಅಂಗಡಿಯ ಹುಡುಗಿ. ಎಲ್ಲ ಸರಿಯಾಗಿದೆಯೇ, ಏನಾದರೂ ಕಡಿಮೆ ಬಿದ್ದಿದೆಯೇ ಎಂದು ಕೇಳುತ್ತಿದ್ದಳು. ಅಲಾರಮ್ಮಿನ ಗದ್ದಲದಲ್ಲಿ ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.

“ಎಂತದು?” ಎಂದು ಕೂಗಿದ.

“ಎಂತೋತ್ಸು?” ಎಂದಳು ಹುಡುಗಿ.

“ಎಂತದು? ಎಂತದು ಮಾರಾಯ್ತಿ?”

“ಹಾಯ್, ಹಾಯ್! ಎಂತೋತ್ಸು!” ಎಂದು ಅವಳು ಜಪಾನಿಯಲ್ಲಿ ಹೌದು ಹೌದೆಂದು ಒಪ್ಪಿ, ಸಂತೋಷದಿಂದ ಫೋನಿಟ್ಟಳು.

“ಯಾರಂತೆ?”

“ಗೊತ್ತಿಲ್ಲ ಸರ್. ನಿಮಗಿಂತ ಚೆನ್ನಾಗಿ ಸಾಗರದ ಕನ್ನಡ ಮಾತಾಡಿದ್ರು.”

ಅಲಾರಂ ಸುಮ್ಮನಾದ ಮೇಲೆ, ಗಾಳಿ ಬೇಕೆಂದು ಹೊರಗೆ ಬಂದ ಚಂದ್ರಮೌಳಿ ಅಲ್ಲೇ ನಿಂತುಬಿಟ್ಟ. ಬೆಳಗಿನಿಂದ ಗಿಡ್ಡ ಕೊಳವೆ ಉಗುಳಿದ ಹೊಗೆಯೆಲ್ಲ ನೇರವಾಗಿ ಚಿಯೋ-ಸಾನ್ ಕೊಟ್ಟಿಗೆಗೆ ಹೋಗಿ, ಅಲ್ಲೇ ಮೋಡ ಕಟ್ಟಿಕೊಂಡಿತ್ತು. ಬೆಳಿಗ್ಗೆ ಬೆಳ್ಳಗೆ ಹೊಳೆಯುತ್ತಿದ್ದ ಮೂಲಂಗಿಗಳು ಈಗ ಬೀಡಿ ಸೇದುವವರ ಬೆರಳಿನ ಬಣ್ಣಕ್ಕೆ ತಿರುಗಿದ್ದವು. ಅವುಗಳ ನಡುವೆ ಅಜ್ಜಿ ನಿಂತಿದ್ದರು.

“ಸುಮಿಮಾಸೆನ್, ಚಿಯೋ-ಸಾನ್! ಸುಮಿಮಾಸೆನ್!” ಚಂದ್ರಮೌಳಿ ಕ್ಷಮೆ ಕೇಳುತ್ತ ಸೊಂಟ ಮುರಿಯುವಷ್ಟು ಬಾಗಿದ. ಭುವನ್ ಅವನ ಹಿಂದೆ ನಿಂತು ಬಾಗಿದ. ತಮ್ಮ ಬೇಲಿಯ ಬಳಿ ನಿಂತಿದ್ದ ಒಗಾವಾ-ಸಾನ್, ಸಂದರ್ಭಕ್ಕೆ ಸರಿಯೆನಿಸಿ, ತಾವೂ ಸ್ವಲ್ಪ ಬಾಗಿದರು.

ಅಜ್ಜಿ ಒಂದು ಮೂಲಂಗಿಯನ್ನು ಹಗ್ಗದಿಂದ ಬಿಡಿಸಿ ಮೂಗಿನ ಹತ್ತಿರ ಹಿಡಿದರು. ಕಣ್ಣಲ್ಲಿ ನೀರು ಬಂತು. ಸೆರಗಿಲ್ಲದ್ದರಿಂದ ತೋಳಿನಿಂದ ಒರೆಸಿಕೊಂಡು, ಮೂಲಂಗಿಯ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಅಳ್ತಾ ಇದ್ರು ಸರ್,” ಎಂದ ಭುವನ್.

“ಹೊಗೆಗೆ ಇರಬೋದು.”

“ಇಲ್ಲ ಸರ್. ನಮಗೂ ಹೊಗೆ ಹೋಗಿದೆ, ನಾವು ಹಾಗೆ ಅಳ್ಲಿಲ್ಲ.”

ತನಗೋಸ್ಕರ ದಿನಾ ಹಿಮ ತೆಗೆದ ಕೈಗಳ ಒಂದು ವರ್ಷದ ಉಪ್ಪಿನಕಾಯಿಯನ್ನು ತಾನು ಹಾಳುಮಾಡಿದೆ ಎಂಬುದು ಚಂದ್ರಮೌಳಿಯ ಎದೆಯಲ್ಲಿ ಕಲ್ಲಿನಂತೆ ಕೂತಿತು. ಇನ್ನೇನು ಸುಭದ್ರಾಗೆ ಫೋನು ಮಾಡಿ ಬರುವುದು ಬೇಡ ಎಂದು ಹೇಳಬೇಕು ಎನ್ನುವಷ್ಟರಲ್ಲಿ ಅಂಗಡಿಯ ವ್ಯಾನು ಬಂದು ಮನೆಮುಂದೆ ನಿಂತಿತು. ಡ್ರೈವರು ಹಿಂದಿನ ಬಾಗಿಲು ತೆರೆದು, ಥಳಥಳಿಸುವ ಎರಡು ಉದ್ದನೆಯ ಉಕ್ಕಿನ ಕೊಳವೆಗಳನ್ನು ಇಳಿಸಿದ.

“ಎಂತೋತ್ಸು,” ಎಂದ.

“ಎಂತದು?” ಎಂದ ಚಂದ್ರಮೌಳಿ.

“ಹಾಯ್. ಎಂತೋತ್ಸು,” ಎಂದು ಡ್ರೈವರು ಕೊಳವೆಯನ್ನು ತಟ್ಟಿ ತೋರಿಸಿದ.

ಭುವನ್ ಹಣೆ ಬಡಿದುಕೊಂಡು ನಗತೊಡಗಿದ. ಜಪಾನಿಯಲ್ಲಿ ಹೊಗೆ ಕೊಳವೆಗೆ ಎಂತೋತ್ಸು ಎನ್ನುತ್ತಾರೆ. ಹುಡುಗಿ ಏನು ಬೇಕೆಂದು ಕೇಳಿದ್ದಳು. ಚಂದ್ರಮೌಳಿ ಏಣಿಯ ಮೇಲಿಂದ ಬಿಡದೆ ಅದನ್ನೇ ಕೇಳಿದ್ದ. ಒಂದು ಸಾಲದೆಂದೇ ಅಷ್ಟು ಸಲ ಹೇಳುತ್ತಿದ್ದಾನೆ ಎಂದುಕೊಂಡು ಅವಳು ಎರಡು ಕಳಿಸಿದ್ದಳು.

“ಸಾಗರದ ಭಾಷೆಗೆ ಇಲ್ಲೂ ಬೆಲೆ ಇದೆ ನೋಡು!” ಎಂದ ಚಂದ್ರಮೌಳಿ. ಒಂದರ ಮೇಲೊಂದನ್ನು ನಿಲ್ಲಿಸಿ ಗೋಡೆಗೆ ಬಿಗಿದರು. ಈ ಸಲ ಒಗಾವಾ-ಸಾನ್ ಏನೂ ಕೇಳದೆ ಬಂದು ಏಣಿ ಹಿಡಿದುಕೊಂಡರು. ಕತ್ತಲಾಗುವ ಹೊತ್ತಿಗೆ ಕೊಳವೆ ಸೂರನ್ನು ದಾಟಿ ಧ್ವಜಸ್ತಂಭದಂತೆ ಎದ್ದು ನಿಂತಿತ್ತು.

ಗುಂಡಿ ಒತ್ತಿದ. ಸ್ಟವ್ ಗೊರಗೊರ ಎಂದಿತು. ಕೊಳವೆ ಒಂದು ಸಲ ಉಸಿರೆಳೆದುಕೊಂಡಿತು. ಅಷ್ಟೇ, ಒಳಗಿದ್ದ ಹೊಗೆಯೆಲ್ಲ ಹೆಡ್ಮಾಸ್ತರರನ್ನು ಕಂಡ ಮಕ್ಕಳ ಹಾಗೆ ಸಾಲಾಗಿ ಮೇಲೆ ಹೋಯಿತು. ಗಾಜಿನ ಹಿಂದೆ ಬೆಂಕಿ ಚಿನ್ನದ ಬಣ್ಣಕ್ಕೆ ತಿರುಗಿತು. ಕಿಟಕಿಯ ಮೇಲಿನ ಮಂಜುಗಡ್ಡೆ ಕರಗಿ ಇಳಿಯಿತು. ಚಂದ್ರಮೌಳಿ ಮೊದಲು ಟೋಪಿ ತೆಗೆದ, ಆಮೇಲೆ ಕೋಟು, ಆಮೇಲೆ ಸ್ವೆಟರು. ಬನಿಯನ್ನಿನಲ್ಲಿ ನಿಂತು ಭುವನ್‌ನನ್ನು ಅಪ್ಪಿಕೊಂಡ. ಕೊಳವೆಯ ತುದಿಯಲ್ಲಿ ಈಗ ಹೊಗೆಯ ಎಳೆಯೂ ಕಾಣುತ್ತಿರಲಿಲ್ಲ.

ಬಸ್ಸಿನಿಂದ ಇಳಿದ ಸುಭದ್ರಾ ಜಗಳಕ್ಕೆ ಸಿದ್ಧವಾಗಿಯೇ ಬಂದಿದ್ದಳು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು. ಕೈಗವಸು ತೆಗೆದು ಅಂಗೈಯನ್ನು ಗಾಳಿಯಲ್ಲಿ ಆಡಿಸಿ ನೋಡಿದಳು. ಸಾಹಿತ್ಯ “ಅತ್ತಕಾಯ್!” ಎಂದು ಕೂಗಿ ಬೂಟು ಒಂದು ಕಡೆ, ಕೋಟು ಒಂದು ಕಡೆ ಎಸೆದು ಸ್ಟವ್ ಮುಂದೆ ಉರುಳಿಕೊಂಡಳು.

“ಬೆಚ್ಚಗಿದೆ ಅಂತಿದಾಳೆ,” ಎಂದ ಚಂದ್ರಮೌಳಿ, ಎಲ್ಲ ತಿಳಿದ ದನಿಯಲ್ಲಿ.

“ನೀವೇ ಮಾಡಿದ್ರಾ?”

“ಮತ್ಯಾರು? ಹುಟ್ಟಿದಾಗಿಂದ ಗೊತ್ತಿರೋ ಒಲೆ.”

ಸುಭದ್ರಾ ಕೋಟು ತೆಗೆದು ಗೂಟಕ್ಕೆ ಹಾಕಿದಳು. ಮದುವೆಯಾದ ಮೇಲೆ ಅವಳು ಅವನನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದು ಬಹುಶಃ ಅದೇ ಮೊದಲು. “ಸರಿ. ಇರ್ತೀವಿ,” ಎಂದಳು.

ಚಂದ್ರಮೌಳಿ ಅವಳ ಚೀಲವನ್ನು ಎತ್ತಿ ಒಳಗೆ ತಂದಿಟ್ಟ. ಅದೇ ಹೊತ್ತಿಗೆ ಬಾಗಿಲು ಸದ್ದಾಯಿತು.

ಹೊರಗೆ ಚಿಯೋ-ಸಾನ್, ಅವರ ಹಿಂದೆ ಒಗಾವಾ-ಸಾನ್, ಅವರ ಹಿಂದೆ ಹಿಮದಲ್ಲಿ ಸಾಲಾಗಿ ಬೀದಿಯ ಅರ್ಧ ಜನ. ಎಲ್ಲರ ಕೈಯಲ್ಲೂ ಮೂಲಂಗಿಯ ಕಟ್ಟು. ಹೊಡೆಯಲು ತಂದಿದ್ದಾರೆ ಎಂದೇ ಭುವನ್ ಅಡುಗೆಮನೆ ಸೇರಿದ. ಅಜ್ಜಿ ಬಾಗಿ, ಮೆಲುದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಸಾಹಿತ್ಯ ಬಾಯಿ ತೆರೆದು ಕೇಳಿಸಿಕೊಂಡಳು.

“ಅಪ್ಪಾ, ಈ ಒಬಾಚಾನ್ ಅಕಿತಾ ಊರವರಂತೆ. ಅವರ ಅಮ್ಮ ಮೂಲಂಗೀನ ಸ್ಮೋಕ್ ಮಾಡಿ, ದೆನ್ ಪಿಕಲ್ ಮಾಡ್ತಿದ್ರಂತೆ. ಮದುವೆ ಆಗಿ ಇಲ್ಲಿ ಬಂದ್ಮೇಲೆ ತಿಂದೇ ಇಲ್ಲ. ಟುಡೇ ಅದೇ ಸ್ಮೆಲ್ ಬಂತು ಅಂತ. ದಟ್ಸ್ ವೈ ಅತ್ರಂತೆ.”

ಚಂದ್ರಮೌಳಿಯ ಎದೆಯ ಕಲ್ಲು ಕರಗಿತು. “ಅಂದ್ರೆ ಸಿಟ್ಟಿಲ್ಲ?”

“ನೋ! ಥ್ಯಾಂಕ್ಯೂ ಹೇಳಕ್ಕೆ ಬಂದಿದಾರೆ. ಬಟ್…” ಸಾಹಿತ್ಯ ಅಜ್ಜಿಯ ಕಡೆ ತಿರುಗಿ ಇನ್ನೊಮ್ಮೆ ಕೇಳಿದಳು. “ಬಟ್ ಹಾಫ್ ಆಗಿದೆಯಂತೆ. ಇನ್ನೂ ಫೋರ್ ಡೇಸ್ ಹೊಗೆ ಬೇಕಂತೆ. ಈಗ ಸ್ಟಾಪ್ ಮಾಡಿದ್ರೆ ಎಲ್ಲಾ ಹಾಳಂತೆ.”

ಒಗಾವಾ-ಸಾನ್ ಮುಂದೆ ಬಂದು, ಗಗನಕ್ಕೆ ಚಾಚಿದ್ದ ಹೊಸ ಕೊಳವೆಯನ್ನು ಅತ್ಯಂತ ವಿಷಾದದಿಂದ ತೋರಿಸಿದರು. ಅದಿದ್ದರೆ ಹೊಗೆ ಬರುವುದಿಲ್ಲ. ಬಹಳ ಒಳ್ಳೆಯ ಕೊಳವೆ. ದಯವಿಟ್ಟು ತೆಗೆಯಬಹುದೇ? ಅಜ್ಜಿಯದಾದ ಮೇಲೆ, ತೊಂದರೆ ಇಲ್ಲದಿದ್ದರೆ, ಬೀದಿಯವರದ್ದೂ ಸ್ವಲ್ಪ ಇದೆ.

ಚಂದ್ರಮೌಳಿ ಹೆಂಡತಿಯ ಮುಖ ನೋಡಿದ. ಅಜ್ಜಿ ಕೊಟ್ಟ ಒಂದು ಚೂರು ಮೂಲಂಗಿ ಆಗಲೇ ಅವಳ ಬಾಯಲ್ಲಿತ್ತು. ಅವಳ ಕಣ್ಣು ಅರ್ಧ ಮುಚ್ಚಿತ್ತು.

“ತೆಗೀರಿ,” ಎಂದಳು ಸುಭದ್ರಾ.

“ಅಲ್ವೇ, ಕೊಳವೆ ತೆಗೆದ್ರೆ ಮನೆಯಲ್ಲಿ ಚಳಿ! ಹೊಗೆ! ಕಿಟಕಿ ತೆಗೀಬೇಕು!”

“ಪಾಪ, ಅಜ್ಜಿ ಮೂಲಂಗಿ ಅರ್ಧಕ್ಕೆ ಬಿಟ್ಟು ನೀವು ಬೆಚ್ಚಗೆ ಕೂರ್ತೀರಾ? ಹಚ್ಚಿದೋರು ನೀವೇ ತಾನೇ?”

“ನೀವಿಬ್ರೂ ಇರ್ತೀವಿ ಅಂದ್ಯಲ್ಲ?”

“ಇರ್ತೀವಲ್ಲ. ಅಜ್ಜಿ ಆಗ್ಲೇ ಕರೆದಿದಾರೆ. ಅವರ ಮನೆ ಬೆಚ್ಚಗಿದೆಯಂತೆ.”

ಆ ಸಂಜೆ ರಿಕುಬೆತ್ಸುವಿನ ಆ ಬೀದಿಯಲ್ಲಿ ಚಂದ್ರಮೌಳಿಗೆ ಸಿಕ್ಕಷ್ಟು ಗೌರವ ಬಹಳ ದಿನದಿಂದ ಯಾರಿಗೂ ಸಿಕ್ಕಿರಲಿಲ್ಲ. ಅವನು ಕೊಳವೆ ಬಿಚ್ಚಿ ಇಳಿಸುತ್ತಿದ್ದರೆ ಜನ ಚಪ್ಪಾಳೆ ತಟ್ಟಿದರು. ಒಗಾವಾ-ಸಾನ್ ಅವನನ್ನು ‘ಸೆನ್ಸೇ’, ಅಂದರೆ ಗುರುಗಳೇ, ಎಂದು ಕರೆದರು. ಮೂಲಂಗಿಗಳು ಕೊಟ್ಟಿಗೆಯಲ್ಲಿ ಇನ್ನೆರಡು ಸಾಲು ಹೆಚ್ಚಾದವು. ಭುವನ್ ಇಡೀ ಕೆಲಸವನ್ನು ವಿಡಿಯೋ ಮಾಡಿಕೊಂಡ. ಆಮೇಲೆ ಎಲ್ಲರೂ ಅವರವರ ಬೆಚ್ಚನೆಯ ಮನೆಗಳಿಗೆ ಹೋದರು. ಸುಭದ್ರಾ ಮತ್ತು ಸಾಹಿತ್ಯ ಅಜ್ಜಿಯ ಕೈಹಿಡಿದುಕೊಂಡು ನಾಲ್ಕು ಹೆಜ್ಜೆ ದಾಟಿ ಹೋದರು.

ಚಂದ್ರಮೌಳಿ ಟೋಪಿ, ಕೋಟು, ಕೈಗವಸು ಎಲ್ಲ ಹಾಕಿಕೊಂಡು ತೆರೆದ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂತ. ಸ್ಟವ್ ಉಸಿರು ಕಟ್ಟಿ ಹೊಗೆಯುಗುಳಿತು. ಪಕ್ಕದ ಮನೆಯಿಂದ ಮಗಳ ನಗು ಕೇಳಿಸುತ್ತಿತ್ತು. ಫೋನಿನಲ್ಲಲ್ಲ, ನೇರವಾಗಿ, ಗೋಡೆಯಾಚೆಯಿಂದ. ಅವನು ಕೆಮ್ಮುತ್ತಲೇ ಇನ್ನೊಂದು ಬೊಗಸೆ ಕಡ್ಡಿ ಸುರಿದ.

ಸ್ವಲ್ಪ ಹೊತ್ತಿಗೆ ಹಿಮದ ಮೇಲೆ ಹೆಜ್ಜೆಯ ಸದ್ದಾಯಿತು. ಕಿಟಕಿಯಾಚೆ ಚಿಯೋ-ಸಾನ್ ನಿಂತಿದ್ದರು. ಅವರು ಬಟ್ಟೆಯಲ್ಲಿ ಸುತ್ತಿದ ಒಂದು ಬಿಸಿ ಬಟ್ಟಲನ್ನು ಒಳಗೆ ಚಾಚಿ, ಅದು ಅವನ ಎರಡೂ ಕೈಗಳಲ್ಲಿ ಭದ್ರವಾಗಿ ಕೂರುವವರೆಗೂ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟರು. ಒಳಗೆ ಅನ್ನ, ಅದರ ಮೇಲೆ ಸುಭದ್ರಾ ಮಾಡಿದ ಸಾರು, ಇನ್ನೂ ಹಬೆಯಾಡುತ್ತಿತ್ತು.